ತಮ್ಮನ ಕುರ್ಚಿಯಲ್ಲಿ ಅಕ್ಕ

ನನ್ನನ್ನು ಮನೆಯಿಂದ ಹೊರಗೆ ಹಾಕುವ ಅಧಿಕಾರವನ್ನು ನನ್ನ ತಮ್ಮ ನನಗೇ ಕೊಟ್ಟ. ಅವನು ಸಮುದ್ರದಾಚೆಯ ದೇಶದಲ್ಲಿ ಹಲ್ಲಿನ ಡಾಕ್ಟರು. ಹೋಗುವ ಮುಂಚೆ ಇಲ್ಲಿ ಕೊಂಡಿದ್ದ ಫ್ಲಾಟಿಗೆ ನನ್ನನ್ನೂ ನನ್ನ ಹೊಲಿಗೆ ಮೆಷಿನನ್ನೂ ತಂದಿಟ್ಟು, "ನೋಡ್ಕೊಂಡಿರಕ್ಕ" ಎಂದಿದ್ದ. ನೋಡಿಕೊಂಡೆ. ಸೋರುವ ನಲ್ಲಿ, ಜಗಳಗಂಟಿ ಪಕ್ಕದ ಮನೆಯವಳು, ಎಲ್ಲವನ್ನೂ. ಸುತ್ತಲಿನ ಶಾಲೆಗಳ ಯೂನಿಫಾರ್ಮನ್ನೆಲ್ಲ ನಾನು ಹೊಲಿದದ್ದು ಅಲ್ಲಿನ ನಡುಮನೆಯ ಕಿಟಕಿಯ ಕೆಳಗೇ. ಈಗ ಅವನಿಗೆ ಅಲ್ಲಿ ಸ್ವಂತ ಕ್ಲಿನಿಕ್ ಬೇಕಂತೆ. ಇಲ್ಲಿಯ ಫ್ಲಾಟ್ ಮಾರಬೇಕಂತೆ.

"ಬರೋಕೆ ಪುರುಸೊತ್ತಿಲ್ಲ ಅಕ್ಕ. ಪವರ್ ಆಫ್ ಅಟಾರ್ನಿ ಕಳಿಸ್ತೀನಿ, ನನ್ನ ಪರವಾಗಿ ನೀನೇ ಸೈನ್ ಹಾಕ್ಬಿಡು" ಎಂದ ಫೋನಿನಲ್ಲಿ.

"ಯಾರಾದ್ರೂ ಲಾಯರಿಗೆ ಕೊಡೋ."

"ಲಾಯರು ಫೀಸು ಕೇಳ್ತಾನೆ. ನೀನಾದ್ರೆ ಮನೆ ಜನ."

ಮನೆ ಜನವಂತೆ! ಮನೆಯಿಂದ ಎಬ್ಬಿಸುವಾಗ ನೆನಪಾಯಿತು ನೋಡಿ. ನೀನು ಎಲ್ಲಿಗೆ ಹೋಗ್ತೀಯ ಅಂತ ಮಾತ್ರ ಅವನು ಕೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದರ ಮೇಲೆ ಬಿಗುಮಾನ ಬೇರೆ.

ನೋಂದಣಿ ಕಚೇರಿಯಲ್ಲಿ ಅಧಿಕಾರಿಯ ಮೇಜಿನ ಆಚೀಚೆ ಎರಡು ಕುರ್ಚಿಗಳಿದ್ದವು. ಫ್ಯಾನಿನ ಕೆಳಗೆ ಮೆತ್ತೆ ಹಾಕಿದ್ದು ಮಾಲೀಕರದು. ಗೋಡೆಯ ಪಕ್ಕ ಕಾಲು ಕುಂಟುತ್ತಿದ್ದದ್ದು ಮನೆಯಲ್ಲಿ ವಾಸವಿರುವವರದು. ಫ್ಲಾಟು ಕೊಳ್ಳಲಿದ್ದ ಟೈರ್ ಅಂಗಡಿಯವನು ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ.

"ಮಾಲೀಕರು ಯಾರು?" ಎಂದರು ಅಧಿಕಾರಿ.

"ನಾನೇ. ತಮ್ಮನ ಪರವಾಗಿ."

"ವಾಸ ಇರೋರು?"

"ಅದೂ ನಾನೇ."

ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಜನ ಇರೋ ಮನೆ ಮಾರೋದಾದ್ರೆ ಮಾಲೀಕರು ಅವರನ್ನ ಮುಖಾಮುಖಿ ಕೇಳ್ಬೇಕು. ಇಲ್ಲಿ ಅದೇ ಪದ್ಧತಿ. ಒಂದು ಸಲಕ್ಕೆ ಒಂದೇ ಕುರ್ಚೀಲಿ ಕೂತ್ಕೊಳಿ."

ಮೆತ್ತೆಯ ಮೇಲೆ ಕೂತೆ. ತಣ್ಣನೆ ಗಾಳಿ ಬಂತು. ಜವಾನ ಕಾಫಿ ತಂದಿಟ್ಟ. ಟೈರ್ ಅಂಗಡಿಯವನು ಎದ್ದು ನಿಂತು, "ನಮಸ್ಕಾರ ಸಾರ್, ಪ್ರಯಾಣ ಸುಖವಾಗಿತ್ತಾ?" ಎಂದ. ಸುಖವಾಗಿತ್ತು ಎಂದೆ, ಇನ್ನೇನು ಹೇಳಲಿ? ಸುಳ್ಳೇಕೆ, ಆ ಕುರ್ಚಿಯಿಂದ ಎದುರಿನ ಕುರ್ಚಿ ಬಹಳ ದೂರ ಕಾಣುತ್ತದೆ. ಈ ಅಕ್ಕ ರಗಳೆ ಮಾಡದೆ ಒಪ್ಪಿಬಿಟ್ಟರೆ ಸಾಕಪ್ಪಾ ಎಂದು ನನಗೂ ಅನ್ನಿಸಿತು.

"ಕೇಳಿ ಸಾರ್" ಎಂದರು ಅಧಿಕಾರಿ. "ಮನೆ ಬಿಡ್ತೀರಾ ಅಂತ ಮೊದಲು. ಬಿಟ್ಟು ಎಲ್ಲಿಗೆ ಹೋಗ್ತೀರಾ ಅಂತ ಆಮೇಲೆ."

"ಮನೆ ಬಿಡ್ತೀಯಾ ಅಕ್ಕ?" ಎಂದು ಕೇಳಿ, ಎದ್ದು ಹೋಗಿ ಕುಂಟು ಕುರ್ಚಿಯಲ್ಲಿ ಕೂತು, "ಬಿಡು ಅಂದ್ಮೇಲೆ ಬಿಡ್ದೇ ಇರೋಕಾಗುತ್ತಾ?" ಎಂದೆ. ಕಾಫಿ ಲೋಟ ಜೊತೆಗೇ ಬಂದಿತ್ತು. ಜವಾನ ಅದನ್ನು ಕೈಯಿಂದ ಕಿತ್ತುಕೊಂಡು, "ಇದು ಸಾಹೇಬ್ರದ್ದಮ್ಮ" ಎಂದು ಮೊದಲಿನ ಜಾಗದಲ್ಲಿಟ್ಟ.

ಮತ್ತೆ ಹೋಗಿ ಮೆತ್ತೆಯ ಮೇಲೆ ಕೂತೆ. "ಬಿಟ್ಟು ಎಲ್ಲಿಗೆ ಹೋಗ್ತೀಯಾ ಅಕ್ಕ?"

ಚಿಕ್ಕವನಿದ್ದಾಗ ನನ್ನ ಸೆರಗು ಹಿಡಿದು ಅವನು ಕೇಳುತ್ತಿದ್ದದ್ದೂ ಹೀಗೆಯೇ, ಇದೇ ದನಿಯಲ್ಲಿ. ಕುಂಟು ಕುರ್ಚಿಗೆ ಬಂದು ಕೂತೆ. ನಾಲ್ಕು ಜನರೆದುರು ಅಳುವವಳಲ್ಲ ನಾನು. ಅತ್ತುಬಿಟ್ಟೆ.

"ಬೇಗ ಹೇಳಮ್ಮ, ಲೇಟಾಗ್ತಿದೆ" ಎಂದ ಟೈರ್ ಅಂಗಡಿಯವನು.

"ಸುಮ್ನಿರ್ರೀ!" ಎಂದು ಅಧಿಕಾರಿ ಅವನನ್ನು ಗದರಿ, ಖಾಲಿ ಕುರ್ಚಿಯ ಕಡೆ ಕೈ ತೋರಿಸಿದರು. "ಮಾಲೀಕರೇ ಕಾಯ್ತಾ ಕೂತಿದಾರೆ. ನಿಮಗೇನ್ರೀ ಅವಸರ?"

"ನಂಗೆ ಹೋಗೋಕೆ ಎಲ್ಲೂ ಜಾಗ ಇಲ್ಲ ಕಣೋ" ಎಂದೆ ಆ ಕುರ್ಚಿಗೆ.

"ಮಾಲೀಕರು ಏನಂತಾರೆ?"

ಕಣ್ಣೊರೆಸಿಕೊಂಡು ಮೆತ್ತೆಯ ಕುರ್ಚಿಗೆ ಬಂದು ಕೂತೆ. ಕಾಫಿ ಆರಿತ್ತು. "ಮಾರಲ್ಲ. ಅಕ್ಕ ಇರೋವರೆಗೂ ಅಲ್ಲೇ ಇರ್ಲಿ."

ಅಧಿಕಾರಿ ಧಡ್ ಅಂತ ಮೊಹರು ಒತ್ತಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ದೇವರು ಕೊಡದೆ ಇದ್ದದ್ದನ್ನು ಪೂಜಾರಿಯಾದ ನಾನು ಕೊಟ್ಟೆ, ಅದೂ ನನಗೇ. ಟೈರ್ ಅಂಗಡಿಯವನು ನನಗೆ ಕೈಮುಗಿದು, "ನಿಮ್ಮದೇನೂ ತಪ್ಪಿಲ್ಲ ಬಿಡಿ ಸಾರ್. ಎಲ್ಲಾ ಆ ಅಕ್ಕನದ್ದೇ ಕಿತಾಪತಿ" ಎಂದು ಕುಂಟು ಕುರ್ಚಿಯನ್ನು ದುರುಗುಟ್ಟಿ ನೋಡಿ ಹೋದ.

ಕಚೇರಿಯಿಂದ ಆಗಲೇ ಸುದ್ದಿ ಹೋಗಿರಬೇಕು, ಮೆಟ್ಟಿಲಿಳಿಯುವಷ್ಟರಲ್ಲಿ ತಮ್ಮನ ಫೋನು ಬಂತು. ಅವನ ದನಿಯ ಹಿಂದೆ ಹಲ್ಲು ಕೊರೆಯುವ ಮೆಷಿನ್ ಕೊರೆಯುತ್ತಲೇ ಇತ್ತು.

"ಮಾರಲ್ಲ ಅಂತ ಯಾರಕ್ಕ ಹೇಳಿದ್ದು?"

"ನೀನೇ ಕಣೋ. ಬೇಕಾದ್ರೆ ಅಲ್ಲಿದ್ದೋರನ್ನ ಕೇಳು."

"ತಲೆ ಕೆಟ್ಟಿದ್ಯಾ ನಿಂಗೆ? ನಾನೆಲ್ಲಿ ಹೇಳ್ದೆ?"

"ಎಲ್ಲಿಗೆ ಹೋಗ್ತೀಯಾ ಅಕ್ಕ ಅಂತ ನೀನು ಕೇಳ್ದೆ. ನಂಗೆ ಅಳು ಬಂದ್ಬಿಡ್ತು. ಅದನ್ನ ನೋಡಿ ನೀನು ಮಾರಲ್ಲ ಅಂದೆ."

ಆ ಕಡೆ ಮೆಷಿನ್ ನಿಂತಿತು.

"ಅಷ್ಟನ್ನೂ ಕೇಳಿರ್ಲಿಲ್ವಾ ಅಕ್ಕ ನಾನು?" ಎಂದ.

"ಇವತ್ತು ಕೇಳಿದ್ಯಲ್ಲ, ಬಿಡು" ಎಂದೆ.