ತೆಗೆದುಹಾಕಬೇಡಿ, ತೀರ್ಪು ಕೊಡಿ

ರಿಯಾದ್‌ಗೆ ಹತ್ತಿರದ ಅಲ್ ಖರ್ಜ್‌ನ ನ್ಯಾಯಾಲಯದಲ್ಲಿ ಶೇಖರ ಬಾಗಿಲನ್ನೇ ನೋಡುತ್ತ ಕೂತಿದ್ದ. ಅವನ ಮೇಲೆ ದಾವೆ ಹೂಡಿದ ಖರ್ಜೂರದ ವ್ಯಾಪಾರಿ ಇನ್ನೂ ಬಂದಿರಲಿಲ್ಲ. ವ್ಯಾಪಾರಿಯ ಶೀತಲಗೃಹದ ಕಂಪ್ರೆಸರ್ ಕೆಟ್ಟು ಸರಕೆಲ್ಲ ಹಾಳಾಗಿತ್ತು. ರಿಪೇರಿಗೆ ಹೋಗುತ್ತಿದ್ದ ಶೇಖರನೇ ನಷ್ಟ ತುಂಬಬೇಕೆಂದು ಅವನ ವಾದ. ಕೇಸು ಮುಗಿಯುವ ತನಕ ಶೇಖರ ದೇಶ ಬಿಡುವಂತಿರಲಿಲ್ಲ.

ಅತ್ತ ಮಂಗಳೂರಿನಲ್ಲಿ ಅಕ್ಕ ಹರಿಣಾಕ್ಷಿಗೆ ವಾರಕ್ಕೆ ಮೂರು ಡಯಾಲಿಸಿಸ್. ಹಿಂದಿನ ರಜೆಯಲ್ಲಿ ಮನೆಯವರೆಲ್ಲರ ಪರೀಕ್ಷೆಯಾದಾಗ ಅವಳಿಗೆ ಹೊಂದಿದ್ದು ಶೇಖರನ ಕಿಡ್ನಿ ಮಾತ್ರ.

ನಾಲ್ಕು ತಿಂಗಳ ಹಿಂದೆಯೂ ವ್ಯಾಪಾರಿ ಹೀಗೆಯೇ ಬಾರದೆ ಹೋಗಿದ್ದ. ನ್ಯಾಯಾಧೀಶರು ತೀರ್ಪು ಕೊಡದೆ ದಾವೆಯನ್ನು ಪಟ್ಟಿಯಿಂದ ತೆಗೆದುಹಾಕಿದ್ದರು. ಗೆದ್ದೆನೆಂದುಕೊಂಡು ಶೇಖರ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಸಿ, ರಿಯಾದ್ ವಿಮಾನ ನಿಲ್ದಾಣಕ್ಕೆ ಹೋದರೆ ಪಾಸ್‌ಪೋರ್ಟ್ ನೋಡುವವನು ಹೋಗುವಂತಿಲ್ಲವೆಂದು ತಲೆಯಾಡಿಸಿದ. ವ್ಯಾಪಾರಿ ಅದೇ ದಾವೆಗೆ ಮತ್ತೆ ಜೀವ ಕೊಟ್ಟಿದ್ದ. ಅಂದು ಟ್ಯಾಕ್ಸಿಯಲ್ಲಿ ಹಿಂದಿರುಗುವಾಗ ಅಕ್ಕನ ಫೋನು ಎತ್ತಲು ಅವನಿಗೆ ಧೈರ್ಯವಾಗಲಿಲ್ಲ. ವಕೀಲರಿಗೆ ಕೊಟ್ಟು ಕೈ ಬರಿದಾಗಿತ್ತು. ಈ ಸಲ ಜೊತೆಗಿದ್ದವರು ದಮ್ಮಾಮ್ ಪಟ್ಟಣದಲ್ಲಿ ನೆಲೆಸಿದ್ದ ಮಂಗಳೂರಿನ ಹಿರಿಯ ಇದಿನಬ್ಬ ಮಾತ್ರ. ಮೂವತ್ತು ವರ್ಷ ಅತ್ತರು ಮಾರಿ ಅರಬಿ ಓದಲು ಕಲಿತವರು; ಶೇಖರ ಗೌರವದಿಂದ 'ಇದಿನಬ್ಬಾಕ' ಎನ್ನುತ್ತಿದ್ದ.

"ಇವತ್ತೂ ಅವನು ಬರುವುದಿಲ್ಲ," ಎಂದರು ಇದಿನಬ್ಬ. "ತೆಗೆದುಹಾಕ್ತೇನೆ ಅಂದ್ರೆ ನೀನು ಒಪ್ಪಬೇಡ ಮಾರಾಯ. ತೀರ್ಪೇ ಕೊಡಿ ಅಂತ ಕೇಳು. ಆ ಹಕ್ಕು ನಿಂಗೆ ಉಂಟು, ಕಾನೂನಲ್ಲೇ ಬರ್ದಿದೆ."

"ಸೋತ್ರೆ ಎಂತ ಮಾಡುದು, ಇದಿನಬ್ಬಾಕ?"

"ಸೋಲಲೂಬಹುದು. ಆದ್ರೆ ತೆಗೆದುಹಾಕಿದ್ರೆ ಅವನು ಪುನಃ ಕೇಸು ಎಬ್ಬಿಸ್ತಾನೆ."

ಸೋತರೆ ಜೀವಮಾನದ ಸಂಬಳವೂ ಸಾಲದು. ಹೆಸರು ಕೂಗಿದಾಗ ಶೇಖರ ಎದ್ದು ಮುಂದೆ ಹೋದ. ದುಭಾಷಿಯ ಮೂಲಕ ಹೇಳಿದ: "ತೆಗೆದುಹಾಕಬೇಡಿ. ತೀರ್ಪು ಕೊಡಿ."

ನ್ಯಾಯಾಧೀಶರು ಕಡತ ತಿರುವಿದರು. ಕಂಪ್ರೆಸರ್ ಬದಲಾಯಿಸಲೇಬೇಕೆಂದು ಅದು ಕೆಡುವ ಮೊದಲೇ ಶೇಖರ ಬರೆದುಕೊಟ್ಟ ಕಾಗದ ಅದರಲ್ಲಿತ್ತು. ಕೆಳಗೆ ವ್ಯಾಪಾರಿಯದೇ ಮೊಹರು. ದಾವೆಯಲ್ಲಿ ಹುರುಳಿಲ್ಲವೆಂದು ಶೇಖರನ ಪರವಾಗಿ ತೀರ್ಪಾಯಿತು. ವಕೀಲರಿಗೆ ಕೊಟ್ಟ ಖರ್ಚನ್ನು ವ್ಯಾಪಾರಿಯಿಂದ ಕೇಳಬಹುದು ಎಂದರು. ಮೇಲ್ಮನವಿಗೆ ಮೂವತ್ತು ದಿನ, ಅಲ್ಲಿಯವರೆಗೆ ಪ್ರಯಾಣ ನಿಷೇಧವೂ ಇರುತ್ತದೆ ಎಂದರು.

ಶೇಖರ ದಿನ ಎಣಿಸಿದ. ಅಕ್ಕ ಹತ್ತು ದಿನಕ್ಕಿಂತ ಹೆಚ್ಚು ಕಾಯುವುದು ಕಷ್ಟವೆಂದು ಬೆಳಿಗ್ಗೆಯಷ್ಟೇ ಮಂಗಳೂರಿನ ಡಾಕ್ಟರು ಫೋನಿನಲ್ಲಿ ಹೇಳಿದ್ದರು.

ಮಧ್ಯಾಹ್ನವೇ ಇಬ್ಬರೂ ವ್ಯಾಪಾರಿಯ ಅಂಗಡಿಗೆ ಹೋದರು. "ನನ್ನ ಖರ್ಚು ನಾನು ಕೇಳುವುದಿಲ್ಲ, ಯಾವತ್ತೂ," ಎಂದ ಶೇಖರ. "ನೀವು ತೀರ್ಪು ಒಪ್ಪಿದ್ದೇನೆ, ಮೇಲ್ಮನವಿ ಹಾಕುವುದಿಲ್ಲ ಅಂತ ಒಂದು ಸಹಿ ಹಾಕಿ." ಇದಿನಬ್ಬ ಅದನ್ನು ಅರಬಿಯಲ್ಲಿ ಹೇಳಿ, ಅಕ್ಕನ ವಿಷಯವನ್ನೂ ತಿಳಿಸಿದರು.

ವ್ಯಾಪಾರಿ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು ಎದ್ದ. ಮುಚ್ಚುವ ಮೊದಲೇ ನ್ಯಾಯಾಲಯಕ್ಕೆ ಹೋಗಿ ಸಹಿ ಹಾಕಿದ. ಶೇಖರನ ಮುಖವನ್ನು ಮಾತ್ರ ನೋಡಲಿಲ್ಲ.

ನಿಷೇಧ ತೆರವಾಗಲು ಆರು ದಿನ ಹಿಡಿಯಿತು. ಶೇಖರ ಮಂಗಳೂರಿಗೆ ತಲುಪಿದಾಗ ಹರಿಣಾಕ್ಷಿ ಸೋಂಕು ತಗಲಿ ತೀವ್ರ ನಿಗಾ ಘಟಕದಲ್ಲಿದ್ದಳು, ಅವನ ಗುರುತು ಹಿಡಿಯಲಿಲ್ಲ. ಸೋಂಕು ಇಳಿಯಲು ಇನ್ನೂ ಎರಡು ವಾರ ಬೇಕಾಯಿತು. ಅವನ ಕಿಡ್ನಿ ಜೋಡಿಸಿದ ಮೂರನೆಯ ದಿನ ಅವಳು ಕಣ್ಣುಬಿಟ್ಟು, ಪಕ್ಕದಲ್ಲಿದ್ದ ಶೇಖರನನ್ನು ನೋಡಿ, "ಊಟ ಮಾಡಿದ್ಯಾ?" ಎಂದು ಕೇಳಿದಳು.