ಅರ್ಧ ಮೈಯ ನೋವು

ಬೇಲಿಯೇ ಎದ್ದು ಹೊಲ ಮೇಯ್ದಂಥ ರೋಗ ಅದು. ಮೈಯನ್ನು ಕಾಯಬೇಕಾದ ಬಲವೇ ಮೈಯ ಕೀಲುಗಳನ್ನು ತಿನ್ನುತ್ತದೆ. ಮೂರು ವರ್ಷ ಮಾತ್ರೆ ನುಂಗಿದ ಮೇಲೆ ಅದೇನೋ ಬಾಲ ಮುದುರಿ ಮಲಗಿತ್ತು. ಊತ ಇಳಿದಿತ್ತು, ರಕ್ತಪರೀಕ್ಷೆಯ ಹಾಳೆ ತೊಳೆದಿಟ್ಟ ತಟ್ಟೆಯಂತಿತ್ತು. ನೋವು ಮಾತ್ರ ಮನೆ ಖಾಲಿ ಮಾಡಿರಲಿಲ್ಲ. ಕುತ್ತಿಗೆ, ಭುಜ, ಸೊಂಟ, ತೊಡೆ, ಎಲ್ಲೆಡೆ ಕಾಲು ಚಾಚಿ ಕೂತಿತ್ತು.

ಅಂಗಿಯ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಬಟ್ಟೆ ಕತ್ತರಿಸಿದವಳಿಗೆ ಈಗ ಬೇಕಾದದ್ದು ವೈದ್ಯನ ಒಂದು ಚೀಟಿ. ಅದಿದ್ದರೆ ನಿಂತು ಕತ್ತರಿಸುವ ಮೇಜು ಬಿಟ್ಟು ಕೂತು ಗುಂಡಿ ಹೊಲಿಯುವ ಕೆಲಸ. ಇಲ್ಲದಿದ್ದರೆ ಸೋಮವಾರದಿಂದ ಬರುವುದೇ ಬೇಡ ಎಂದಿದ್ದರು.

ಆಸ್ಪತ್ರೆಗೆ ಓರಗಿತ್ತಿಯೂ ಬಂದಿದ್ದಳು. ಸಹಾಯಕ್ಕಲ್ಲ, ತಮಾಷೆ ನೋಡಲಿಕ್ಕೆ.

“ಗುಂಡುಕಲ್ಲಿನ ಹಾಗಿದೀಯ. ಯಾರೇ ನಂಬ್ತಾರೆ ನಿನ್ನ?”

“ನೀವು ನಂಬೋದೇನೂ ಬೇಡ ಅಕ್ಕ. ಚೀಟಿ ಬರೆಯೋರು ನೀವಲ್ವಲ್ಲ.”

ಬಾಗಿಲ ಬಳಿ ಒಂದು ಹಾಳೆ ಕೊಟ್ಟರು. ಅದರಲ್ಲಿ ಬೊಂಬೆಯಂಥ ಮನುಷ್ಯನ ಆಕಾರ. ನೋವಿರುವ ಕಡೆಯೆಲ್ಲ ಗುರುತು ಹಾಕಬೇಕು. ಅಂಗಿಯ ಬೆನ್ನನ್ನು ಕತ್ತರಿಸುವವರು ಯಾರೂ ಇಡಿಯಾಗಿ ಬರೆಯುವುದಿಲ್ಲ. ಬಟ್ಟೆಯನ್ನು ನಡುವೆ ಮಡಿಸಿ ಒಂದು ಪಾಲು ಬರೆದರೆ ಇನ್ನೊಂದು ತಾನೇ ಬರುತ್ತದೆ. ಅವಳ ಕೈಗೆ ಅದೊಂದೇ ಗೊತ್ತು. ಬೊಂಬೆಯ ಬಲಗಡೆ ಒಂಬತ್ತು ಗುರುತು ಹಾಕಿ ಕೊಟ್ಟಳು.

ಮನುಷ್ಯರನ್ನು ನೋಡಿದರೆ ಕಣ್ಣು ಸವೆದೀತು ಎಂಬಂತೆ ವೈದ್ಯ ಹಾಳೆಯನ್ನೇ ನೋಡುತ್ತಿದ್ದ.

“ಎಡಗಡೆ ಏನೂ ಇಲ್ಲ.”

“ಆ ಕಡೇನೂ ಅಷ್ಟೇ ನೋವು ಸಾರ್.”

“ನೀವು ಬರೆದಿಲ್ಲವಲ್ಲಮ್ಮ. ಎರಡೂ ಕಡೆ ಇದ್ರೆ ಮಾತ್ರ ಮೈಯೆಲ್ಲ ಹರಡಿದ ನೋವು ಅಂತ ಬರೀಬಹುದು. ರಕ್ತ ಚೆನ್ನಾಗಿದೆ, ಅರ್ಧ ಮೈ ಚೆನ್ನಾಗಿದೆ. ನಾನೇನಂತ ಚೀಟಿ ಕೊಡ್ಲಿ?”

“ಒಂದೇ ಕೈಲಿ ಕೆಲಸ ಮಾಡ್ಲಿ ಅಂತ ಕೊಡಿ ಸಾರ್,” ಎಂದಳು ಓರಗಿತ್ತಿ. ಓದಿದವನೂ ಓದದವಳೂ ಒಂದಾಗಿ ನಕ್ಕರು. ಮೂರ್ಖತನಕ್ಕೆ ಜಾತಿಯೂ ಇಲ್ಲ, ಪದವಿಯೂ ಇಲ್ಲ.

ಅವಳಿಗೆ ತನ್ನ ತಪ್ಪು ಆಗ ಹೊಳೆಯಿತು. ನಾಚಿಕೆಯೇನೂ ಆಗಲಿಲ್ಲ.

“ಮಡಿಕೆ ಲೆಕ್ಕದಲ್ಲಿ ಬರೆದಿದೀನಿ ಸಾರ್. ನಿಮ್ಮ ಅಂಗಿ ಬೆನ್ನನ್ನೂ ಅರ್ಧ ಬರೆದೇ ಕತ್ತರಿಸಿರ್ತಾರೆ. ಎಡಗಡೆ ಬಟ್ಟೆ ಇದೆಯೋ ಇಲ್ವೋ ಮುಟ್ಟಿ ನೋಡ್ಕೊಳ್ಳಿ.”

ಅವನು ನಿಜವಾಗಿಯೂ ಮುಟ್ಟಿ ನೋಡಿಕೊಂಡ.

ಅವಳು ಹಾಳೆಯನ್ನು ಬೊಂಬೆಯ ಮೂಗಿನ ನೇರಕ್ಕೆ ಮಡಿಸಿ, ಮೇಜಿನ ಮೇಲಿದ್ದ ಪಿನ್ನೊಂದನ್ನು ಎತ್ತಿ, ಗುರುತು ಗುರುತಿಗೂ ಚುಚ್ಚಿದಳು. ಬೆರಳು ಬಾಗಲೊಲ್ಲದು, ಒಂಬತ್ತು ಚುಚ್ಚಿಗೆ ಹಣೆಯಲ್ಲಿ ಬೆವರು ಬಂತು. ಅದನ್ನೂ ಅವನು ನೋಡಲಿಲ್ಲ. ಬಿಡಿಸಿಕೊಟ್ಟ ಹಾಳೆಯನ್ನು ಬೆಳಕಿಗೆ ಹಿಡಿದು ಎಡಗಡೆಯ ತೂತುಗಳನ್ನು ಎಣಿಸಿದ.

“ಹೀಗೆ ಮೊದಲೇ ಹೇಳ್ಬಾರ್ದಿತ್ತಾ?” ಎಂದು ಚೀಟಿ ಬರೆದ. ಅವಳ ಬಾಯಿಮಾತಿಗೆ ಕರಗದವನು ಕಾಗದದ ತೂತಿಗೆ ಕರಗಿದ. ಇಷ್ಟಕ್ಕೆ ಅಷ್ಟೊಂದು ವರ್ಷ ಓದಬೇಕಿತ್ತೇ ಎಂದುಕೊಂಡಳು ಅವಳು. ಕೈ ಮಾತ್ರ ಮುಗಿದಳು.

ಹೊರಗೆ ಓರಗಿತ್ತಿ, “ಸಿಕ್ತಲ್ಲ, ಇನ್ನಾದ್ರೂ ನರಳೋದು ನಿಲ್ಸು,” ಎಂದಳು.

“ಪಕ್ಕಕ್ಕೆ ಸರೀರಿ ಅಕ್ಕ. ಇಳಿಯೋಕೆ ಕಂಬಿ ಬೇಕು.”

ಹನ್ನೊಂದು ಮೆಟ್ಟಿಲು. ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಕೈಯಿಂದಲೂ ಕಂಬಿ ಹಿಡಿದು, ಒಂದೊಂದಾಗಿ ಇಳಿದಳು.