ಬೋರ್ಡಿಗೆ ಕಟ್ಟಿದ ಗರಿ

"ದರಿದ್ರ ಮುಂಡೇವಾ, ಕಾಲಿಗೇನು ಲಕ್ವ ಹೊಡ್ದಿದ್ಯಾ? ಒಳಗಿರೋದು ಗಾಜು ಕಣ್ರೇ. ನಿಮ್ಮ ದ್ವೀಪಾನೇ ಮಾರಿದ್ರೂ ಅದ್ರ ಒಂದು ಮೂಲೆ ಬರಲ್ಲ."

ರಾಜಧಾನಿಯಿಂದ ಬಂದ ಶಿಕ್ಷಣ ಇಲಾಖೆಯ ಆಬೆಲ್ ಛತ್ರಿಯಡಿ ನಿಂತು ಬೈಯುತ್ತಿದ್ದ. ಕೆಳಗೆ ಕೆಸರಿನ ಏರಿನಲ್ಲಿ ಲೈಮಾಸ ಮತ್ತು ನೆರೆಮನೆಯ ಹೆಂಗಸರು ಆಳೆತ್ತರದ ಪೆಟ್ಟಿಗೆಯನ್ನು ಬಿದಿರಿಗೆ ಬಿಗಿದು ಹಡಗಿನ ಕಟ್ಟೆಯಿಂದ ಹೊತ್ತು ತರುತ್ತಿದ್ದರು. ಗಟ್ಟಿಮುಟ್ಟಾದ ಗಂಡಸರೆಲ್ಲ ಆಸ್ಟ್ರೇಲಿಯಾದ ತೋಟಗಳಿಗೆ ಹಣ್ಣು ಕೀಳಲು ಹೋಗಿದ್ದರು. ಉಳಿದವರು ಯಜಮಾನ ಕಲ್ತಾಂಗನ ಗುಡಿಸಲಲ್ಲಿ ಅಮಲೇರಿಸುವ ಕಾವಾ ಬೇರಿನ ರಸ ಕುಡಿಯುತ್ತ, ಉದ್ಘಾಟನೆಗೆ ಕರೆ ಬರಲೆಂದು ಕಾಯುತ್ತಿದ್ದರು.

"ಇವ್ನವ್ವನ್, ಬಾಯಿ ಬದ್ಲು ಒಂದ್ ಕೈ ಹಾಕಿದ್ರೆ ಇವ್ನ ಗಂಟೇನ್ ಓಗದು," ಎಂದು ಲೈಮಾಸ ಬಿದಿರಿನ ಕೆಳಗಿಂದಲೇ ಗೊಣಗಿದಳು.

"ಸುಮ್ಕಿರೇ, ಕೇಳುಸ್ಕಂಡಾನು," ಎಂದಳು ಹಿಂದಿದ್ದ ಲೈಸಾಲೆ.

ಪೆಟ್ಟಿಗೆಯೊಳಗಿದ್ದದ್ದು ಬೆರಳು ಸೋಕಿದರೆ ಬೆಳಗುವ ಬೋರ್ಡು. ಪುಟ್ಟ ಮಕ್ಕಳ ಶಾಲೆಗಳೆಲ್ಲ ಹೊಸ ಕಾಲಕ್ಕೆ ಕಾಲಿಡಲಿ ಎಂದು ಸರ್ಕಾರ ಅನುದಾನ ಕೊಟ್ಟಿತ್ತು. ಈ ಶಾಲೆಗೆ ಕರೆಂಟು ಇರಲಿಲ್ಲ. ಅದು ಬೇರೆ ಇಲಾಖೆಯ ಕೆಲಸ, ಇವತ್ತಲ್ಲ ನಾಳೆ ಬಂದೀತು. ಅಲ್ಲಿಯವರೆಗೆ ಬೋರ್ಡಿಗೆ ತೇವ ತಗಲಬಾರದು. ಚಂಡಮಾರುತ ಬಿಟ್ಟುಹೋದ ಶಾಲೆಯಲ್ಲಿ ಸೋರದ ಕೋಣೆ ಎಂದರೆ ಒಂದನೇ ತರಗತಿಯದೊಂದೇ. ಅದನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಮಕ್ಕಳನ್ನು ಅಂಗಳದ ಆಲದ ಮರದಡಿಗೆ ಅಟ್ಟಿದ್ದರು.

ಲೈಮಾಸಳ ಮಗಳು ಎಸ್ತಾ ಆ ಮಕ್ಕಳಲ್ಲೊಬ್ಬಳು. ನೆಂದು ನೆಂದು ಅವಳ ಎದೆ ಗೊರಗೊರ ಅನ್ನುತ್ತಿತ್ತು. ಹುಡುಗಿ ಕೆಮ್ಮಿದಾಗಲೆಲ್ಲ ಲೈಮಾಸ ಸುಣ್ಣ ಬಳಿದ ಕೋಣೆಯ ಕಡೆ ನೋಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಆ ಕೋಣೆ, ಮತ್ತೇನೂ ಅಲ್ಲ.

ಕೋಣೆಯೊಳಗೆ ಬೆಳಕು ಸಾಲದೆಂದು ಪೆಟ್ಟಿಗೆಯನ್ನು ಫೋಟೋಕ್ಕಾಗಿ ಮೊದಲು ಆಲದ ಮರದಡಿಯೇ ಬಿಚ್ಚಿ, ಬೋರ್ಡನ್ನು ಕಾಂಡಕ್ಕೆ ಒರಗಿಸಿದರು. ಮಕ್ಕಳು ಅಲ್ಲಿಂದಲೂ ಏಳಬೇಕಾಯಿತು. ಲೈಮಾಸ ಕೇಳಿಯೇಬಿಟ್ಟಳು.

"ಸಾಯೇಬ್ರೇ, ಮಕ್ಳು ಕ್ವಾಣೆ ಒಳ್ಗೆ ಒಂದ್ ಮೂಲೇಲಿ ಕೂತ್ಕತವೆ. ಇದು ಇನ್ನೊಂದ್ ಮೂಲೇಲಿರ್ಲಿ. ಎಲ್ಡೂ ಇರ್ತವೆ."

"ಮಕ್ಕಳ ಉಸಿರಲ್ಲೂ ತೇವ ಇರುತ್ತಮ್ಮ," ಎಂದ ಆಬೆಲ್. "ಮಕ್ಕಳು ಒದ್ದೆ ಆದ್ರೆ ಒಣಗ್ತವೆ. ಇದು ಒಣಗಲ್ಲ. ಅಷ್ಟೂ ತಿಳಿಯಲ್ವಾ ನಿನ್ನ ತಲೆಗೆ? ನೋಡು, ಚೌಕಟ್ಟಿಗೆ ಕೆಸರು ಮಾಡಿದೀಯ. ಒರೆಸು. ಕೈಯಲ್ಲಲ್ಲ ಕಣೇ, ಗೀರು ಬೀಳುತ್ತೆ. ಬಟ್ಟೆಯಲ್ಲಿ."

ಬಟ್ಟೆ ಎಂದರೆ ಮೈಮೇಲಿದ್ದದ್ದೇ. ಸಮಾರಂಭವೆಂದು ಅವಳು ಚರ್ಚಿಗೆ ಉಡುವ ಹೂವಿನ ನಿಲುವಂಗಿ ತೊಟ್ಟುಬಂದಿದ್ದಳು. ಅದರ ಅಂಚು ಹಿಡಿದು, ಮಂಡಿಯೂರಿ, ಮಗಳ ಕಣ್ಣೆದುರೇ ಒರೆಸಿದಳು.

ಆಬೆಲ್ ಯಜಮಾನನನ್ನು ಕರೆತರಲು ಹೋದ. ಕ್ಯಾಮೆರಾ ಹಿಡಿದು ಉಳಿದವನು ಡಂಕನ್, ಯೋಜನೆಗೆ ಸಲಹೆ ಕೊಡಲು ಹೊರದೇಶದಿಂದ ಬಂದವನು. ಒಳ್ಳೆಯವನೇ. ಎಲ್ಲರನ್ನೂ ನೋಡಿ ನಗುತ್ತಿದ್ದ. ಬೋರ್ಡನ್ನು ಹಿಂದೆ ಮುಂದೆ ನೋಡಿ ಮುಖ ಹುಳ್ಳಗೆ ಮಾಡಿದ.

"ಬರೀ ಕಪ್ಪು. ಫೋಟೋಕ್ಕೆ ಹಸಿರು ಬೇಕು," ಎಂದು ಬೇಲಿಯ ಪಕ್ಕದ ಗಿಡ ತೋರಿಸಿದ. "ಅದು ನಿಮ್ಮ ಬಾವುಟದ ಎಲೆ ಅಲ್ಲವಾ? ಬಾವುಟದಲ್ಲಿ ಇರೋ ಹಾಗೇ ಬೋರ್ಡಿಗೆ ಕಟ್ಟಿ. ಒಂದರ ಮೇಲೊಂದು, ಅಡ್ಡಡ್ಡ."

ಹೆಂಗಸರು ಬೋರ್ಡಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅದು ನಮೆಲೆ ಗರಿ. ತೆಂಗಿಗೆ ಅಡ್ಡಡ್ಡ ಕಟ್ಟಿದರೆ ಕಾಯಿ ಕೀಳುವಂತಿಲ್ಲ, ದಡದಲ್ಲಿ ನೆಟ್ಟರೆ ಮೀನು ಹಿಡಿಯುವಂತಿಲ್ಲ. ಕಟ್ಟಿಸಿದವನು ಹಂದಿ ಕಡಿದು ಬಿಡಿಸುವವರೆಗೆ ಯಾರೂ ಬೆರಳು ಸೋಕಿಸುವಂತಿಲ್ಲ. ಕಟ್ಟಿಸುವ ಹಕ್ಕು ಯಜಮಾನನಿಗೆ ಮಾತ್ರ.

"ಬ್ಯಾಡ ಕಣೇ. ಪಾಪ, ಗೊತ್ತಿಲ್ಲ ಅವ್ನಿಗೆ. ಯೋಳ್ಬುಡು," ಎಂದು ಲೈಸಾಲೆ ಪಿಸುಗುಟ್ಟಿದಳು.

ಹೇಳಬೇಕೆಂದೇ ಲೈಮಾಸ ಬಾಯಿ ತೆರೆದಳು. ಅಷ್ಟರಲ್ಲಿ ಬೇಲಿಯ ಬಳಿ ಎಸ್ತಾ ಕೆಮ್ಮಿದಳು. ತೆರೆದ ಬಾಯಿಂದ ಬೇರೆ ಮಾತು ಹೊರಟಿತು.

"ಅಡ್ಡಡ್ಡಾನೇ ಕಟ್ಬೇಕಾ ಸಾಯೇಬ್ರೇ?"

"ಹೌದು."

"ಈ ಬೋಲ್ಡಿಗೇಯಾ?"

"ಹೌದಮ್ಮ. ಗಟ್ಟಿಯಾಗಿ."

"ಇದು ನೀವ್ ಯೋಳಿದ್ದೋ, ಸರ್ಕಾರ ಯೋಳಿದ್ದೋ?"

ಡಂಕನ್ ಎದೆಯ ಮೇಲಿನ ಗುರುತಿನ ಚೀಟಿ ಮುಟ್ಟಿಕೊಂಡು, "ಸರ್ಕಾರವೇ ಅನ್ನಿ," ಎಂದು ನಕ್ಕ.

"ಎಲ್ರೂ ಕೇಳುಸ್ಕಂಡ್ರಾ?" ಎಂದು ಲೈಮಾಸ ಹಿಂದೆ ತಿರುಗಿದಳು. ಕೇಳಿಸಿಕೊಂಡಿದ್ದರು. ಅವಳು ಮಚ್ಚಿನಿಂದ ಎರಡು ಗರಿ ಕಡಿದು ತಂದು ಕಟ್ಟಿದಳು. ಹೆದರಿಕೆಯಾದರೂ ಗಂಟನ್ನು ಸಡಿಲ ಬಿಡಲಿಲ್ಲ.

ಯಜಮಾನ ಕಲ್ತಾಂಗ ಉದ್ಘಾಟನೆಯ ಟೇಪು ಕತ್ತರಿಸಲು ಕತ್ತರಿ ಹಿಡಿದು ಬಂದ. ಗರಿ ಕಂಡದ್ದೇ ತಡ, ಕಾವಾದ ಅಮಲೆಲ್ಲ ಇಳಿದು ಅಲ್ಲೇ ನಿಂತ. ಅವನ ಹಿಂದೆ ಬಂದ ಆಬೆಲನ ಮುಖ ಸುಣ್ಣವಾಯಿತು.

"ಯಾವ ರಂಡೆ ಕಟ್ಟಿದ್ದು ಇದನ್ನ?" ಎಂದು ಆಬೆಲ್ ಅರಚಿದ.

"ನಾನೇಯ. ಸರ್ಕಾರ ಕಟ್ಟು ಅಂತು, ಕಟ್ದೆ," ಎಂದಳು ಲೈಮಾಸ.

"ಹೆಂಗಸು ಕಟ್ಟಿದ್ದು ನಡೆಯಲ್ಲ ಅಲ್ವಾ ಯಜಮಾನ್ರೇ? ನಡೆಯಲ್ಲ ಅನ್ನಿ," ಎಂದು ಆಬೆಲ್ ಕಲ್ತಾಂಗನ ಕಡೆ ತಿರುಗಿದ.

ಕಲ್ತಾಂಗ ಬಗ್ಗಿ ಗರಿಯ ಗಂಟನ್ನು ನೋಡಿದ. "ಕಟ್ಟಿದ್ದು ಎಂಗ್ಸೇಯ. ಕಟ್ಸಿದ್ದು ಸರ್ಕಾರ. ಸರ್ಕಾರ ನನಗಿಂತ ದೊಡ್ ಯಜಮಾನ ಅಂತ ನೀನೇ ಅಲ್ವೇನಪ್ಪಾ ವಸಿ ಮುಂಚೆ ಗುಡಿಸ್ಲಲ್ಲಿ ಅಂದಿದ್ದು? ನಡೀತದೆ. ಸರ್ಕಾರ ಹಂದಿ ಕಡೀಲಿ, ನಾನ್ ಬಿಚ್ತೀನಿ."

"ನಾನೇ ತೆಗೀತೀನಿ," ಎಂದು ಡಂಕನ್ ಕೈ ಚಾಚಿದ. ಆಬೆಲ್ ಆ ಕೈಯನ್ನು ಹಾರಿ ಹಿಡಿದುಕೊಂಡ.

"ಬೇಡ ಸಾರ್. ಮುಟ್ಟಿದವರಿಗೆ ಕೇಡು ತಪ್ಪಲ್ಲ. ನಿಮ್ಮ ಜೊತೆ ಒಂದೇ ದೋಣೀಲಿ ವಾಪಸ್ ಹೋಗ್ಬೇಕು ನಾನು."

"ಹಾಗಾದರೆ ಹಂದಿ ಕೊಟ್ಟುಬಿಡೋಣ."

"ಯಾವ ಬಾಬ್ತಿಗೆ ಹಾಕ್ಲಿ ಸಾರ್? ಅನುದಾನದಲ್ಲಿ ಕಲಿಕಾ ಸಾಮಗ್ರಿ ಇದೆ, ಸಾಗಣೆ ಇದೆ. ಹಂದಿ ಇಲ್ಲ."

"ಊಟ ಅಂತ ಬರ್ಕೋ," ಎಂದ ಕಲ್ತಾಂಗ.

"ಊಟಕ್ಕೆ ಬಿಸ್ಕತ್ತು ಅಂತ ಆಗಲೇ ಬರೆದಾಗಿದೆ," ಎಂದ ಆಬೆಲ್, ಅಳುವ ದನಿಯಲ್ಲಿ.

ಮಳೆ ಶುರುವಾಯಿತು. ಆಬೆಲ್ ಹುಚ್ಚನಂತೆ ಕೂಗಾಡಿದ. "ಎತ್ರೇ, ಒಳಗೆ ಇಡ್ರೇ, ಕೈ ಮುಗೀತೀನಿ." ಒಬ್ಬರೂ ಅಲುಗಲಿಲ್ಲ. ಅವನೂ ಮುಟ್ಟಲಿಲ್ಲ. ಕೊನೆಗೆ ಡಂಕನನೊಡನೆ ಬೋರ್ಡಿನ ಪಕ್ಕ ನಿಂತು, ಗರಿಗೆ ತಾಗದ ಹಾಗೆ ಛತ್ರಿಯನ್ನು ಅದರ ಮೇಲೆ ಹಿಡಿದ. ಇಬ್ಬರ ಮೈಮೇಲೂ ಆಲದೆಲೆಯ ನೀರು ಧಾರಾಕಾರ ಸುರಿಯುತ್ತಿತ್ತು.

ಸುಣ್ಣ ಬಳಿದ ಕೋಣೆ ಬಾಗಿಲು ತೆರೆದುಕೊಂಡು ಖಾಲಿ ಬಿದ್ದಿತ್ತು. ಲೈಮಾಸ ಎಸ್ತಾಳನ್ನು ಎತ್ತಿಕೊಂಡು ಹೋಗಿ ಒಳಗೆ ಕೂರಿಸಿದಳು. ಉಳಿದ ಮಕ್ಕಳೂ ಕೆಸರುಗಾಲಲ್ಲೇ ಅವಳ ಹಿಂದೆ ನುಗ್ಗಿದವು.

"ಏಯ್, ತೇವ," ಎಂದು ಆಬೆಲ್ ಮರದಡಿಯಿಂದ ಕೂಗಿದ.

ಲೈಮಾಸ ಹೊಸ್ತಿಲಲ್ಲಿ ನಿಂತು ನಿಲುವಂಗಿಯ ಅಂಚು ಹಿಂಡಿದಳು.

"ಛತ್ರಿ ಅದ್ಕೇ ಇಡೀರಿ ಸಾಯೇಬ್ರೇ. ಮನುಷ್ರು ಒದ್ದೆ ಆದ್ರೆ ಒಣಗ್ತಾರೆ," ಎಂದು ಬಾಗಿಲು ಮುಂದೆ ಮಾಡಿದಳು.